ಓದುಗರ ಪ್ರಶ್ನೆ: ಪೆನ್‌ಡ್ರೈವ್‌ನ ವೈರಸ್ ಮತ್ತು ಹತ್ತು ವರ್ಷಗಳ ಬರಹ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ತಾಯಿಯವರು ಹಾಡುತ್ತಿದ್ದ ಸಂಪ್ರದಾಯದ ಹಾಡುಗಳನ್ನು ಹತ್ತು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಕಳೆದ ತಿಂಗಳು ಜೆರಾಕ್ಸ್ ಅಂಗಡಿಗೆ ಹೋಗಿ ಕೆಲವು ಪುಟಗಳನ್ನು ಪ್ರಿಂಟ್ ಮಾಡಿಸಿಕೊಂಡು ಬಂದ ಮೇಲೆ ಪೆನ್‌ಡ್ರೈವ್‌ನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಾಣಿಸುತ್ತಿವೆ. ಫಾರ್ಮ್ಯಾಟ್ ಮಾಡುವುದೊಂದೇ ದಾರಿ ಎಂದು ಪರಿಚಿತರೊಬ್ಬರು ಹೇಳಿದರು. ಹಣ ಕೊಟ್ಟು ಆ್ಯಂಟಿವೈರಸ್ ಕೊಂಡರೆ ಮುಂದೆ ನಿಶ್ಚಿಂತೆಯಿಂದ ಇರಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಪೆನ್‌ಡ್ರೈವ್ ಅನ್ನು ಈಗಲೇ ಫಾರ್ಮ್ಯಾಟ್ ಮಾಡಬೇಡಿ. ಈ ಬಗೆಯ ವೈರಸ್ ಸಾಮಾನ್ಯವಾಗಿ ನಿಜವಾದ ಫೋಲ್ಡರುಗಳನ್ನು ಅಳಿಸುವುದಿಲ್ಲ. ಅವುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಆ ಶಾರ್ಟ್‌ಕಟ್ ಅನ್ನು ಕ್ಲಿಕ್ ಮಾಡಿದಾಗಲೇ ವೈರಸ್ ನಿಮ್ಮ ಕಂಪ್ಯೂಟರಿಗೂ ಇಳಿಯುತ್ತದೆ. ಆದ್ದರಿಂದ ಅವುಗಳನ್ನು ಮುಟ್ಟದೆ, ಮೊದಲು ಕಂಪ್ಯೂಟರನ್ನೂ ಪೆನ್‌ಡ್ರೈವ್ ಅನ್ನೂ ಪೂರ್ತಿಯಾಗಿ ಸ್ಕ್ಯಾನ್ ಮಾಡಿಸಿರಿ. ಅನಂತರ ಫೈಲ್ ಎಕ್ಸ್‌ಪ್ಲೋರರ್‌ನ ಆಯ್ಕೆಗಳಲ್ಲಿ ಮರೆಮಾಡಿದ ಫೈಲುಗಳನ್ನು ತೋರಿಸುವಂತೆ ಸೂಚಿಸಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಮುಂದಿನ ಗುರುತನ್ನು ತೆಗೆದರೆ, ನಿಮ್ಮ ಫೋಲ್ಡರುಗಳು ಮಸುಕಾದ ಬಣ್ಣದಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅವುಗಳೊಳಗಿನ ಬರಹಗಳನ್ನು ಬೇರೆಡೆಗೆ ಕಾಪಿ ಮಾಡಿಕೊಂಡ ಮೇಲಷ್ಟೇ ಫಾರ್ಮ್ಯಾಟ್ ಮಾಡುವ ಮಾತು.

ಆ್ಯಂಟಿವೈರಸ್ ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ, ಮನೆಬಳಕೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾದುದು ಅಪ್‌ಡೇಟ್. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಜಡಿದು, ಬೀಗ ತೆಗೆಯಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಪರಿಹಾರವನ್ನು ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳಾದರೂ ಅಪ್‌ಡೇಟ್ ಆಗದ ಕಂಪ್ಯೂಟರುಗಳೇ ಅದಕ್ಕೆ ಸಿಕ್ಕಿಬಿದ್ದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ನಿಮ್ಮ ಯಂತ್ರ ಯಾವುದರಲ್ಲಿ ನಡೆಯುತ್ತಿದೆ ಎಂದು ನೋಡಿಕೊಳ್ಳಿ. ಪುಕ್ಕಟೆಯಾಗಿ ಸಿಗುವ 'ಕ್ರ್ಯಾಕ್' ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ ತಂತ್ರಾಂಶಗಳನ್ನಂತೂ ಯಾರು ಕೊಟ್ಟರೂ ಹಾಕಿಸಿಕೊಳ್ಳಬೇಡಿ. ರ‍್ಯಾನ್ಸಮ್‌ವೇರ್ ಮನೆಯೊಳಗೆ ಬರುವ ದೊಡ್ಡ ಬಾಗಿಲುಗಳಲ್ಲಿ ಅದೂ ಒಂದು.

ಇಷ್ಟೆಲ್ಲ ಮಾಡಿದರೂ ಹಾರ್ಡ್ ಡಿಸ್ಕ್ ಒಂದು ದಿನ ಕೆಟ್ಟೇ ಕೆಡುತ್ತದೆ, ಅದನ್ನು ಯಾವ ಆ್ಯಂಟಿವೈರಸ್ಸೂ ತಡೆಯಲಾರದು. ಹಾಗಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ವಾರಕ್ಕೊಮ್ಮೆ ಬರಹಗಳನ್ನು ಅದಕ್ಕೆ ಕಾಪಿ ಮಾಡಿ, ಕೆಲಸ ಮುಗಿದೊಡನೆ ತಂತಿ ತೆಗೆದು ಬೀರುವಿನಲ್ಲಿ ಇಡಿ. ತಂತಿ ತೆಗೆಯುವ ಈ ಕೆಲಸವನ್ನು ಬಹಳ ಮಂದಿ ಮಾಡುವುದಿಲ್ಲ. ಸದಾ ಸಿಕ್ಕಿಸಿಕೊಂಡೇ ಇರುವ ಡಿಸ್ಕಿನಲ್ಲಿರುವ ಪ್ರತಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ. ಮತ್ತೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಕ್ಕಳ ಮನೆಯಲ್ಲಿಯೋ ಗೂಗಲ್ ಡ್ರೈವ್‌ನಲ್ಲಿಯೋ ಇಡಬಹುದು. ಬರಹಕ್ಕೆ ಅಲ್ಲಿ ಉಚಿತವಾಗಿ ಸಿಗುವ 15 ಜಿಬಿ ಧಾರಾಳವಾಯಿತು. ಆದರೆ ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ತಾನೂ ಅಳಿಸುವಂತೆ ಸಿಂಕ್ ಮಾಡಿದ ಫೋಲ್ಡರನ್ನು ಬ್ಯಾಕಪ್ ಎಂದು ನಂಬಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನೀವು ಕೇಳದೇ ಇರುವ ಸಂಗತಿ. ಹತ್ತು ವರ್ಷಗಳ ಹಿಂದೆ ನುಡಿಯಲ್ಲಿ ಟೈಪ್ ಮಾಡಿದ್ದೆಂದರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಫಾಂಟಿನಲ್ಲಿ ಇರುವ ಸಂಭವ ಬಹಳ. ಅಂಥ ಕಡತ ಎಷ್ಟು ಜೋಪಾನವಾಗಿ ಉಳಿದರೂ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ತಾಯಿಯವರ ಹಾಡನ್ನು ಮುಂದೆ ಮೊಮ್ಮಕ್ಕಳು ಓದಬೇಕಾದರೆ ಇಂದೇ ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಕೆಡುವುದುಂಟಾದ್ದರಿಂದ, ಮೂಲದೊಂದಿಗೆ ಹೋಲಿಸಿ ಓದಿ ತಿದ್ದಿಕೊಳ್ಳಿ. ಮೂಲ ಕಡತವನ್ನೂ ಫಾಂಟನ್ನೂ ಜೊತೆಯಲ್ಲೇ ಉಳಿಸಿಕೊಳ್ಳಿ.

ಪ್ರಶ್ನೆ: ಮಗಳ ಮದುವೆಯ ಫೋಟೋಗಳಿದ್ದ ಫೋಲ್ಡರ್ ಕೈತಪ್ಪಿ ಡಿಲೀಟ್ ಆಗಿದೆ. ಮರಳಿ ಸಿಗುವುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ರೀಸೈಕಲ್ ಬಿನ್‌ನಲ್ಲಿ ಇಲ್ಲವಾದರೆ ಆ ಕಂಪ್ಯೂಟರಿನ ಬಳಕೆಯನ್ನು ತಕ್ಷಣ ನಿಲ್ಲಿಸಿ. ಡಿಲೀಟ್ ಮಾಡಿದಾಗ ಹಾರ್ಡ್ ಡಿಸ್ಕಿನಲ್ಲಿ ಆ ಜಾಗ ಖಾಲಿಯೆಂದು ದಾಖಲಾಗುತ್ತದೆಯೇ ಹೊರತು ಚಿತ್ರಗಳು ಆ ಕ್ಷಣವೇ ಅಳಿಯುವುದಿಲ್ಲ. ಅಲ್ಲಿ ಹೊಸದೇನಾದರೂ ಬರೆಯಲ್ಪಟ್ಟ ಮೇಲೆ ಮಾತ್ರ ಅವು ಸಿಗಲಾರವು. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಾದರೆ ಅಳಿಸಿದ ಜಾಗವನ್ನು ಅದು ತಾನಾಗಿಯೇ ಬೇಗ ಬರಿದು ಮಾಡುವುದರಿಂದ ಆಸೆ ಕಡಿಮೆ. ಡಿಸ್ಕನ್ನು ಬಿಚ್ಚಿಸಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ರಿಕವರಿ ತಂತ್ರಾಂಶವನ್ನು ಅಲ್ಲಿಂದಲೇ ನಡೆಸಬೇಕು, ಸಿಕ್ಕಿದ ಚಿತ್ರಗಳನ್ನೂ ಬೇರೆ ಡಿಸ್ಕಿಗೇ ಉಳಿಸಬೇಕು. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಯಾವ ತಂತ್ರಾಂಶವನ್ನೂ ಪ್ರಯೋಗಿಸದೆ, ಮತ್ತೆ ಆನ್ ಮಾಡದೆ, ಡೇಟಾ ರಿಕವರಿ ಮಾಡುವ ಪರಿಣತರ ಬಳಿಗೆ ಒಯ್ಯಿರಿ. ಅದಕ್ಕೂ ಮುನ್ನ ಛಾಯಾಗ್ರಾಹಕರಿಗೆ ಒಂದು ಫೋನ್ ಮಾಡಿ ನೋಡಿ. ಮದುವೆಯ ಮೂಲಚಿತ್ರಗಳು ಅವರಲ್ಲಿ ಇನ್ನೂ ಇರಬಹುದು.