ಪಟ ದೇವರ ಮನೆಯಲ್ಲಿ, ತಾತ ಶಿವಪುರದಲ್ಲಿ

ಮದ್ದೂರಿನಿಂದ ಪತ್ರ ಬರೆದ ನಿವೃತ್ತ ಮೇಷ್ಟ್ರಿಗೆ ನಮಸ್ಕಾರಗಳು.

ಒಡೆಯರ ಕಾಲದ ಮೈಸೂರಿನ ಅರಮನೆ, ಪತ್ರಿಕೆ ಮತ್ತು ಜನಾಭಿಪ್ರಾಯದ ಬಗ್ಗೆ ಇತಿಹಾಸ ಸಂಶೋಧಕಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದ ಲೇಖನ ನಿಮಗೆ ಒಪ್ಪಿಗೆಯಾಗಿಲ್ಲ. ಆ ಕಾಲದ ಪತ್ರಿಕೆಗಳ ತುಂಬ ಮಹಾರಾಜರ ಗುಣಗಾನವೇ ಇರುವಾಗ ಅಲ್ಲಿ ಜನರ ಮನಸ್ಸು ಹುಡುಕುವುದು ಮರಳು ಹಿಂಡಿ ಎಣ್ಣೆ ತೆಗೆದ ಹಾಗೆ ಅಂದಿದ್ದೀರಿ. ಜೊತೆಗೆ ನಿಮ್ಮ ತಾತನ ವಿಷಯ. ದೇವರ ಮನೆಯಲ್ಲಿ ನಾಲ್ವಡಿಯವರ ಪಟ ಇಟ್ಟು ದಿನಾ ಹೂವು ಮುಡಿಸುತ್ತಿದ್ದವರು 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೂ, ಅಂದರೆ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸುವ ಚಳವಳಿಗೂ, ನಡೆದುಹೋದರಂತೆ. ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ.

ಎರಡನ್ನೂ ನಂಬಿ, ಮೇಷ್ಟ್ರೇ. ಶಿವಪುರಕ್ಕೆ ಹೋದವರು ಕೇಳಿದ್ದು ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ. ಅವರ ಸಿಟ್ಟೆಲ್ಲ ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದ ಮೇಲೆ. ಅದೇ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಮೈಸೂರು ಚಲೋ ಚಳವಳಿಯ ಹೊತ್ತಿಗೂ ಬೀದಿಯಲ್ಲಿ ಮೊಳಗಿದ ಕೂಗು ‘ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ’. ಆರ್ಕಾಟ್ ಅಂದರೆ ಆಗಿನ ದಿವಾನರು, ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್; ತಂಬೂಚೆಟ್ಟಿ ಮಹಾರಾಜರ ಕಾರ್ಯದರ್ಶಿ. ದೊರೆಯ ಹೆಸರು ಆ ಕೂಗಿನಲ್ಲಿ ಇಲ್ಲ.

ಹಳೆಯ ಪತ್ರಿಕೆಗಳನ್ನೂ ಹೀಗೇ ಓದಬೇಕು ಅನ್ನುವುದು ನನ್ನ ಮಾತು. ಹೊಗಳಿದ್ದು ಯಾರನ್ನು ಅಂತ ನೋಡುವುದಕ್ಕಿಂತ ದೂರಿದ್ದು ಯಾರನ್ನು ಅಂತ ನೋಡಿ. ಮೊದಲು ಶ್ರೀಮನ್ಮಹಾರಾಜರವರಿಗೆ ಉದ್ದಂಡ ನಮಸ್ಕಾರ, ಅದರ ಬೆನ್ನಿಗೇ ದಿವಾನರ ಕಚೇರಿಗೆ ಏಟು. ಆ ನಮಸ್ಕಾರ ಬರೀ ರಕ್ಷೆಯ ತಾಯತ ಅಂತಲೂ ನಾನು ಹೇಳಲಾರೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದು ಮಂಡ್ಯದ ಒಣಭೂಮಿಯಲ್ಲಿ ಭತ್ತ, ಕಬ್ಬು ಕಂಡವರ ಕೃತಜ್ಞತೆಗೆ ಯಾವ ಸಂಪಾದಕನ ಅಪ್ಪಣೆಯೂ ಬೇಕಿರಲಿಲ್ಲ.

ಇನ್ನು ಏಟು ಕೊಟ್ಟವರಿಗೆ ಏನಾಯಿತು ನೋಡಿ. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಸರ್ಕಾರದ ಪರವಾನಗಿ ಇಲ್ಲದೆ ಪತ್ರಿಕೆ ನಡೆಸಕೂಡದೆಂಬ ಕಾನೂನು ಬಂತು. ನಮ್ಮ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು, ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರಾಗಿದ್ದ ನಮ್ಮ ‘ತಾತಯ್ಯ’, ಅದಕ್ಕೆ ತಲೆಬಾಗದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಕೈಯಾರೆ ಬೆಳೆಸಿದ್ದನ್ನು ಕೈಯಾರೆ ಮುಚ್ಚುವುದು ಎಂಥ ಸಂಕಟವೆಂದು ಪತ್ರಿಕೆ ನಡೆಸುವವನಿಗೆ ಗೊತ್ತು. ಅಚ್ಚಾಗದೆ ಹೋದ ಆ ಸಂಚಿಕೆಗಳು ನನ್ನ ಮಟ್ಟಿಗೆ ಅಚ್ಚಾದ ನೂರು ಹೊಗಳಿಕೆಗಿಂತ ದೊಡ್ಡ ಸಾಕ್ಷಿ.

ಆದರೂ ನಿಮ್ಮ ಆಕ್ಷೇಪಣೆಯಲ್ಲಿ ತೂಕವಿದೆ. ಅಂದು ಅಕ್ಷರ ಬಲ್ಲವರೆಷ್ಟು ಮಂದಿ, ಪತ್ರಿಕೆ ಕೊಳ್ಳುವವರೆಷ್ಟು ಮಂದಿ? ಅದರಲ್ಲಿ ಮಾತಾಡಿದ್ದು ಬಹುಪಾಲು ಪೇಟೆಯ ವಕೀಲರು, ಮೇಷ್ಟ್ರುಗಳು. ಹಳ್ಳಿಯ ದನಿ ಬೇಕಾದರೆ ಪ್ರಜಾಪ್ರತಿನಿಧಿ ಸಭೆಯ ವರದಿಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಬೇಕಿತ್ತು, ಲೇಖಕಿಗೂ ಇದನ್ನೇ ಹೇಳಿದ್ದೇನೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅದನ್ನು ಶುರು ಮಾಡಿದಾಗ ಇದ್ದವರು 144 ಜನ. ಅವರೂ ಭೂಮಿಕಾಣಿ ಇದ್ದವರೇ, ವರ್ತಕರೇ. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಆದರೆ ಎದ್ದು ನಿಂತು ನಮ್ಮೂರಿಗೆ ಇಂಥ ಕಷ್ಟ ಎಂದು ದಿವಾನರ ಮುಖ ನೋಡಿ ಹೇಳಬಹುದಿತ್ತು. ಗೇಣಿ ಮಾಡುವವನ ಮಾತು, ಹೆಂಗಸರ ಮಾತು ಅಲ್ಲೂ ಇರಲಿಲ್ಲ.

ಅದಕ್ಕೇ ನಿಮ್ಮ ಮನೆಯ ಪಟದ ಮೇಲೆ ನನಗೆ ಆಸೆ. ನಮ್ಮ ಮನೆಯಲ್ಲೂ ಅಂಥದ್ದೊಂದಿತ್ತು. ಗಾಜು ಒಡೆದು ಕಟ್ಟು ಹಾಕಿಸಲು ಒಯ್ದಾಗ, ಪಟದ ಹಿಂದೆ ಗೆದ್ದಲಿಗೆ ಅಡ್ಡವಾಗಿ ಹಳೆಯ ಪತ್ರಿಕೆಯ ಹಾಳೆ ಅಂಟಿಸಿದ್ದು ಕಂಡಿತು. ಕಟ್ಟುವವನು ಅದನ್ನು ಪರಪರ ಹರಿದು ಬುಟ್ಟಿಗೆ ಹಾಕಿದ. ನಾನು ಆಗ ಹುಡುಗ, ಸುಮ್ಮನೆ ನೋಡುತ್ತ ನಿಂತಿದ್ದೆ. ನಿಮ್ಮ ತಾತನ ಪಟದ ಹಿಂಬದಿಯಲ್ಲಿ ಏನಿದೆ, ತಿರುಗಿಸಿ ನೋಡಿ. ಹಾಳೆ ಇದ್ದರೆ ಕೀಳಬೇಡಿ, ಒದ್ದೆ ಬಟ್ಟೆ ಸೋಕಿಸಬೇಡಿ. ಒಂದು ಫೋಟೊ ತೆಗೆದು ನಮಗೆ ಕಳಿಸಿ.