ಕ್ಯಾನ್ಸರ್ ಟ್ರಯಲ್ ನಡೆಸುವ ಡಾಕ್ಟರ್ ಆಗಬೇಕು ಅಂದ್ರೆ, ಕೆಲಸ ಹೇಗಿರುತ್ತೆ?

ನೀವು ಎಂ.ಬಿ.ಬಿ.ಎಸ್ ಮೂರನೇ ವರ್ಷ ಅಂದಿದ್ದೀರಿ. ಮುಂದೆ ಕ್ಯಾನ್ಸರ್ ರಿಸರ್ಚ್ ಮಾಡಬೇಕು, ಕ್ಲಿನಿಕಲ್ ಟ್ರಯಲ್ (ಅಂದರೆ ಒಂದು ಚಿಕಿತ್ಸೆ ಕೆಲಸ ಮಾಡುತ್ತಾ ಅಂತ ರೋಗಿಗಳಲ್ಲಿ ಪರೀಕ್ಷಿಸೋದು) ನಡೆಸಬೇಕು, ಅದಕ್ಕೆ ಏನು ಓದಬೇಕು, ಪಿಎಚ್.ಡಿ ಬೇಕೇ ಬೇಕಾ, ದಿನಾ ಏನು ಕೆಲಸ ಇರುತ್ತೆ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಮೆಡಿಕಲ್ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್‌ಗೆ ಔಷಧಿಯಿಂದ ಚಿಕಿತ್ಸೆ ಕೊಡುವವನು. ಒಂಬತ್ತು ವರ್ಷದಿಂದ ಟ್ರಯಲ್‌ಗಳಲ್ಲಿ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್. ಹೆಸರು ದೊಡ್ಡದಾಗಿದೆ, ಅರ್ಥ ಇಷ್ಟೇ: ಏನೇ ಎಡವಟ್ಟಾದರೂ ಉತ್ತರ ಕೊಡಬೇಕಾದವನು ನಾನು.

ಓದಿನ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಎಂ.ಬಿ.ಬಿ.ಎಸ್ ಐದೂವರೆ ವರ್ಷ, ಎಂ.ಡಿ ಮೂರು, ಆಮೇಲೆ ಕ್ಯಾನ್ಸರ್ ವಿಷಯದಲ್ಲೇ ಡಿ.ಎಂ ಮೂರು. ನಡುವೆ ನೀಟ್‌ಗೆ ಕೂತು ಓದಿದ ವರ್ಷಗಳು ಬೇರೆ. ಸರ್ಜರಿ ಕಡೆ ಹೋದರೆ ಎಂ.ಎಸ್, ಎಂ.ಸಿಎಚ್. ರೇಡಿಯೇಷನ್ ಆದರೆ ಎಂ.ಡಿಗೇ ಮುಗಿಯುತ್ತದೆ. ಮೂವರೂ ಟ್ರಯಲ್ ನಡೆಸಬಹುದು. ಪಿಎಚ್.ಡಿ ಬೇಕಿಲ್ಲ. ಆದರೆ ಸ್ಟಾಟಿಸ್ಟಿಕ್ಸ್ ಕಂಡರೆ ಹೆದರಿ ಓಡುವವರಿಗೆ ಇದು ಆಗಿಬರುವುದಿಲ್ಲ.

ನಮ್ಮ ನೆಂಟರಲ್ಲಿ ಅರ್ಧ ಜನ ನಾನು ಲ್ಯಾಬಿನಲ್ಲಿ ಔಷಧಿ ಕಂಡುಹಿಡಿಯುತ್ತೇನೆ ಅಂದುಕೊಂಡಿದ್ದಾರೆ. ಇವತ್ತಿನವರೆಗೆ ಒಂದನ್ನೂ ಕಂಡುಹಿಡಿದಿಲ್ಲ. ನನ್ನ ಕೆಲಸ ಒಂದು ಪ್ರಶ್ನೆ ಕೇಳೋದು, ಆಮೇಲೆ ಉತ್ತರ ಬರುವವರೆಗೂ ಮೋಸ ಆಗದ ಹಾಗೆ ಕಾಯೋದು. ಪ್ರಶ್ನೆ ಎಷ್ಟು ಸಾದಾ ಇರಬಹುದು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಲ್ಲು ಕೀಳುವ ಮುಂಚೆ ಜೋಮು ಹಿಡಿಸೋ ಇಂಜೆಕ್ಷನ್ ಕೊಡುತ್ತಾರಲ್ಲ, ಲಿಡೊಕೇನ್? ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಕೆಲವೇ ನಿಮಿಷ ಮುಂಚೆ ಅದನ್ನು ಗಡ್ಡೆಯ ಸುತ್ತ ಚುಚ್ಚಿದರೆ ಕಾಯಿಲೆ ಮರುಕಳಿಸುವುದು ಕಡಿಮೆ ಆಗುತ್ತದಾ ಅಂತ ಮುಂಬೈಯ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡವೆ ತಂಡ ಕೇಳಿತು. ಸುಮಾರು 1,600 ಮಹಿಳೆಯರು. ಅರ್ಧ ಜನಕ್ಕೆ ಇಂಜೆಕ್ಷನ್, ಇನ್ನರ್ಧಕ್ಕೆ ಬರೀ ಆಪರೇಷನ್. 2011ರಲ್ಲಿ ಶುರುವಾಗಿದ್ದು, ಜನರನ್ನು ಸೇರಿಸಿಕೊಳ್ಳೋದಕ್ಕೇ 2022 ಬಂತು. ಐದು ವರ್ಷ ಬದುಕಿದ್ದವರು ಬರೀ ಆಪರೇಷನ್ ಆದ ಕಡೆ ಶೇ. 86.4, ಇಂಜೆಕ್ಷನ್ ತೆಗೆದುಕೊಂಡ ಕಡೆ ಶೇ. 90.1. ಒಂದೇ ಟ್ರಯಲ್, ಇನ್ನೊಂದು ಕಡೆಯೂ ಹೀಗೇ ಬರುತ್ತಾ ನೋಡೋಣ ಅನ್ನುವ ಪಂಗಡದವನು ನಾನು. ಆದರೆ ಇಷ್ಟು ಅಗ್ಗದ ಔಷಧಿಗೆ ಯಾವ ಕಂಪನಿ ತಾನೇ ದುಡ್ಡು ಹಾಕುತ್ತಿತ್ತು ಹೇಳಿ?

ಅದೇ ಆಸ್ಪತ್ರೆಯವರು ನಿವೊಲುಮಾಬ್ ಅನ್ನೋ ಇಮ್ಯುನೊಥೆರಪಿಯನ್ನು (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ) ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ವಾಡಿಕೆಯ ಡೋಸ್ 240. ತಲೆ-ಕುತ್ತಿಗೆಯ ಕ್ಯಾನ್ಸರ್ ತುಂಬಾ ಮುಂದುವರಿದಿದ್ದ 151 ಜನ. ಅಗ್ಗದ ಮಾತ್ರೆಗಳಷ್ಟೇ ತೆಗೆದುಕೊಂಡವರಲ್ಲಿ ಒಂದು ವರ್ಷಕ್ಕೆ ಬದುಕಿದ್ದವರು ಶೇ. 16.3, ಜೊತೆಗೆ ಈ ಚೂರು ಡೋಸ್ ಸೇರಿಸಿದವರಲ್ಲಿ ಶೇ. 43.4. ನಮ್ಮ ಒಪಿಡಿಗೆ ಬರುವವರಲ್ಲಿ ಪೂರ್ತಿ ಡೋಸ್ ಕೊಳ್ಳುವ ಶಕ್ತಿ ಇರೋರು ಬೆರಳೆಣಿಕೆಯಷ್ಟು. ಇಂಥ ಪ್ರಶ್ನೆಗಳನ್ನು ನಾವು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ. ಈ ಕೆಲಸದಲ್ಲಿ ನಾನಿನ್ನೂ ಉಳಿದಿರೋದೇ ಅದಕ್ಕೆ.

ಇನ್ನು ದಿನದ ಕೆಲಸ. ಬೆಳಿಗ್ಗೆ ಒಪಿಡಿ, ಮಧ್ಯಾಹ್ನದ ಮೇಲೆ ಕಾಗದ. ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಗೆ ಪತ್ರ, ನಮ್ಮ ದಾಖಲೆ ತಪಾಸಣೆ ಮಾಡುವ ಮಾನಿಟರ್ ಎತ್ತಿದ ತಕರಾರಿಗೆ ಉತ್ತರ, ಸ್ಕ್ಯಾನ್‌ನಲ್ಲಿ ಗಡ್ಡೆಯ ಅಳತೆ. ಟ್ರಯಲ್‌ನಲ್ಲಿರುವ ಯಾರಾದರೂ ಆಸ್ಪತ್ರೆ ಸೇರಿದ ಸುದ್ದಿ ಬಂದರೆ 24 ಗಂಟೆಯೊಳಗೆ ವರದಿ ಹೋಗಬೇಕು, 2019ರ ನಿಯಮ ಅದು. ಅದು ಯುಗಾದಿ ನೋಡುವುದಿಲ್ಲ, ನಿಮ್ಮ ಮುಂದಿರೋ ಒಬ್ಬಟ್ಟನ್ನೂ ನೋಡುವುದಿಲ್ಲ.

ಕಷ್ಟದ ಕೆಲಸ ಅಂದರೆ ಟ್ರಯಲ್‌ಗೆ ಸೇರೋಕೆ ರೋಗಿಯ ಒಪ್ಪಿಗೆ ಪಡೆಯೋದು. ಫಾರಂ ಇಪ್ಪತ್ತು ಪುಟ ಇರುತ್ತದೆ, ಅದರ ಕನ್ನಡ ನನಗೇ ಅರ್ಥವಾಗುವುದಿಲ್ಲ. ಅದನ್ನು ಬದಿಗಿಟ್ಟು ಮಾತಾಡಬೇಕು. ಯಾರಿಗೆ ಯಾವ ಔಷಧಿ ಅಂತ ಕಂಪ್ಯೂಟರ್ ಆರಿಸುತ್ತದೆ ಅಂದೆ ಒಬ್ಬ ರೋಗಿಗೆ. "ಅಂದ್ರೆ ಚೀಟಿ ಎತ್ತಿದಂಗೆ?" ಅಂದರು. ಹೌದು, ಅಷ್ಟೇ. ಪಕ್ಕದಲ್ಲಿದ್ದ ಮಗಳು, "ನಿಮ್ಮಮ್ಮ ಆಗಿದ್ರೆ ಯಾವುದು ಕೊಡ್ತಿದ್ರಿ ಸಾರ್?" ಅಂದಳು. "ಯಾವುದು ಮೇಲು ಅಂತ ಗೊತ್ತಿದ್ದರೆ ಚೀಟಿ ಎತ್ತೋದೇ ತಪ್ಪಮ್ಮ, ಗೊತ್ತಿಲ್ಲ" ಅಂದೆ. ಅವರು ಸೇರಲಿಲ್ಲ. ಬೇರೆ ಚಿಕಿತ್ಸೆ ಅದೇ ಒಪಿಡಿಯಲ್ಲಿ ಶುರು ಮಾಡಿದೆವು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಮಾತ್ರೆಯ ಟ್ರಯಲ್ ಒಂದರಲ್ಲಿ ಚಳ್ಳಕೆರೆ ಕಡೆಯ ಅಜ್ಜಿ ಇದ್ದರು. ಪ್ರತಿ ಸಲ ಖಾಲಿ ಸ್ಟ್ರಿಪ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದು ಕೊಡುತ್ತಿದ್ದರು. "ಸರಿಯಾಗಿ ತಗೊಂಡ್ರಾ ಅಜ್ಜಿ?" ಅಂದರೆ ತಲೆಯಾಡಿಸುತ್ತಿದ್ದರು. ನಾನೂ ಹಾಗೇ ಬರೆದುಕೊಂಡೆ, ಮೂರು ವಿಸಿಟ್. ನಾಲ್ಕನೇ ಸಲ ಜೊತೆಗೆ ಬಂದ ಮೊಮ್ಮಗಳು ಹೇಳಿದಳು, ಅರ್ಧದಷ್ಟು ಮಾತ್ರೆಗಳು ಮನೇಲಿ ಹಾರ್ಲಿಕ್ಸ್ ಬಾಟಲಿಯಲ್ಲಿವೆ ಅಂತ. ಅಜ್ಜಿ ತಲೆ ತಗ್ಗಿಸಿ, "ಹೊಟ್ಟೆ ಉರೀತಿತ್ತು ಕಣಪ್ಪ. ಹೇಳಿದ್ರೆ ನಿಂಗೆ ಬೇಜಾರಾಗ್ತದೇನೋ ಅಂತ..." ಅಂದರು.

ಔಷಧಿ ಹೊಟ್ಟೆ ಸುಡುತ್ತದೆ ಅನ್ನೋದೇ ನಾವು ತಿಳಿಯಬೇಕಿದ್ದ ವಿಷಯ. ನನ್ನ ದಾಖಲೆಯಲ್ಲಿ ಅದು ಇರಲಿಲ್ಲ, ಮೇಲಾಗಿ ಪೂರ್ತಿ ಡೋಸ್ ತಗೊಂಡರು ಅಂತ ಬರೆದಿತ್ತು. ಎಲ್ಲವನ್ನೂ ತಿದ್ದಿ, ಕಾರಣ ಬರೆದು, ಕಮಿಟಿಗೆ ತಿಳಿಸಿ ಡೋಸ್ ಇಳಿಸಿದೆವು. ಅವತ್ತಿಂದ ನಾನು "ತಗೊಂಡ್ರಾ?" ಅಂತ ಕೇಳುವುದಿಲ್ಲ, "ಯಾವತ್ತು ತಪ್ಪಿತು?" ಅಂತ ಕೇಳುತ್ತೇನೆ. ಪಟ್ಟಂತ ನಿಜ ಬರುತ್ತದೆ.

ಸೋಲೂ ಇರುತ್ತದೆ. ನಾನೇ ಬರೆದ ಮೊದಲ ಟ್ರಯಲ್‌ಗೆ 60 ಜನ ಬೇಕಿತ್ತು. ಎರಡೂವರೆ ವರ್ಷದಲ್ಲಿ ಸಿಕ್ಕಿದ್ದು 23. ಮುಚ್ಚಿದೆವು. ಸಂಬಳದ ಬಗ್ಗೆಯೂ ಹೇಳಿಬಿಡುತ್ತೇನೆ: ಪೂರ್ತಿ ಪ್ರಾಕ್ಟೀಸ್ ಮಾಡೋ ನನ್ನ ಬ್ಯಾಚಿನವರ ಕಾರು ನನ್ನದಕ್ಕಿಂತ ದೊಡ್ಡದು.

ನೀವು ಈಗಲೇ ಮಾಡಬಹುದಾದದ್ದು: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನವರ ಎಸ್‌ಟಿಎಸ್ ಅಂತ ಎಂ.ಬಿ.ಬಿ.ಎಸ್ ವಿದ್ಯಾರ್ಥಿಗಳು ಮಾಡಬಹುದಾದ ಎರಡು ತಿಂಗಳ ರಿಸರ್ಚ್ ಪ್ರಾಜೆಕ್ಟ್ ಇದೆ, ಅದಕ್ಕೆ ಅರ್ಜಿ ಹಾಕಿ. ರಜೆಯಲ್ಲಿ ಟ್ರಯಲ್ ನಡೆಯುವ ಆಸ್ಪತ್ರೆಗೆ ಹೋದರೆ ನನ್ನಂಥ ಡಾಕ್ಟರ ಹಿಂದೆ ಸುತ್ತಬೇಡಿ. ಅನುಮತಿ ಕೇಳಿ ರಿಸರ್ಚ್ ಕೋಆರ್ಡಿನೇಟರ್ ರೂಮಿನಲ್ಲಿ ಒಂದು ವಾರ ಕೂತುಕೊಳ್ಳಿ. ಮಾತ್ರೆ ಎಣಿಸೋರು, ಫೋನ್ ಮಾಡೋರು, ನಮ್ಮ ತಪ್ಪು ಹಿಡಿಯೋರು ಅವರೇ. ಟೀ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು, ಅವರಿಗೆ ಪುರುಸೊತ್ತು ಸಿಗೋದು ಅವಾಗ ಮಾತ್ರ.