ಹೊರದೇಶದ ಪ್ರವಾಸದಲ್ಲಿ ಯೇಸುವಿನ ಬಗ್ಗೆ ಹೇಳುವ ಅವಕಾಶ ಹೇಗೆ ಸಿಗುತ್ತದೆ?

ನೀವು ಮೊದಲ ಸಲ ಹೊರದೇಶಕ್ಕೆ ಹೊರಟಿದ್ದೀರಿ. ಎರಡು ವಾರದ ಪ್ರವಾಸ, ಮಿಷನರಿ ಕೆಲಸಕ್ಕಲ್ಲ. ಆದರೂ ದಾರಿಯಲ್ಲಿ ಯಾರಿಗಾದರೂ ಯೇಸುವಿನ ಬಗ್ಗೆ ಹೇಳುವ ಅವಕಾಶ ಸಿಗಲಿ ಅಂತ ಆಸೆ. ಕರಪತ್ರ ತೆಗೆದುಕೊಂಡು ಹೋಗಲಾ, ಮಾತು ಹೇಗೆ ಶುರು ಮಾಡಲಿ, ಭಾಷೆ ಬರದಿದ್ದರೆ ಏನು ಮಾಡಲಿ ಅಂತ ಕೇಳಿದ್ದೀರಿ.

ಕರಪತ್ರ ಬೇಡ. ಅದರ ಬದಲು ಕೈಯಲ್ಲಿ ಸ್ವಲ್ಪ ಸಮಯ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಒಳ್ಳೆಯ ಅವಕಾಶಗಳೆಲ್ಲ ನನ್ನ ಪ್ಲಾನ್ ಕೆಟ್ಟ ದಿನವೇ ಬಂದವು. ಇವತ್ತು ಯಾರಿಗಾದರೂ ಸುವಾರ್ತೆ ಹೇಳಲೇಬೇಕು ಅಂತ ಹಟ ಹಿಡಿದು ಹೊರಟ ದಿನ ಒಂದೂ ಬರಲಿಲ್ಲ.

ಒಂದು ರಾತ್ರಿ ಮಂಜು ಕವಿದು ವಿಮಾನ ರದ್ದಾಯಿತು. ಮುಂದಿನದು ಬೆಳಿಗ್ಗೆ ಏಳಕ್ಕೆ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬರು ಫೋನ್ ಹಿಡಿದು ಮತ್ತೆ ಮತ್ತೆ ಗಂಟೆ ಲೆಕ್ಕ ಹಾಕುತ್ತಿದ್ದರು. ಚಾರ್ಜ್ ಮುಗಿಯಿತು. ನನ್ನ ಕೇಬಲ್ ಕೊಟ್ಟೆ. ಆಗ ಗೊತ್ತಾಯಿತು, ಅವರ ತಾಯಿ ತೀರಿಕೊಂಡಿದ್ದಾರೆ, ಮರುದಿನ ಮಧ್ಯಾಹ್ನ ಮಣ್ಣು. ಆ ವಿಮಾನ ಹೋಗಿದ್ದರೆ ಆರಾಮಾಗಿ ತಲುಪುತ್ತಿದ್ದರು.

ನನಗೆ ಮಾತೇ ಹೊರಡಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತೆ. ಮಧ್ಯೆ ಮಧ್ಯೆ ಅವರು ತಾಯಿಯ ಬಗ್ಗೆ ಏನಾದರೂ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ. ರಾತ್ರಿ ಮೂರರ ಹೊತ್ತಿಗೆ ಎಲ್ಲರಿಗೂ ತಿನ್ನೋಕೆ ಒಂದೊಂದು ಪೊಟ್ಟಣ ಹಂಚಿದರು. ನಾನು ರೂಢಿಯಂತೆ ಕಣ್ಣು ಮುಚ್ಚಿ, ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಪ್ರಾರ್ಥನೆ ಮಾಡಿದಿರಾ? ಏನು ಕೇಳಿದಿರಿ?"

"ಊಟಕ್ಕೆ ವಂದನೆ ಹೇಳಿದೆ. ನೀವು ಮಣ್ಣಿಗೆ ಮುಂಚೆ ತಲುಪಲಿ ಅಂತ ಕೇಳಿದೆ."

ತುಂಬಾ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ಇನ್ನೊಂದು ಸಲ, ಈ ಸಲ ಕೇಳಿಸುವ ಹಾಗೆ ಮಾಡ್ತೀರಾ ಅಂದರು. ಇಂಗ್ಲಿಷಿನಲ್ಲಿ ಶುರು ಮಾಡಿ ತಡವರಿಸಿದೆ. ನಿಮ್ಮ ಭಾಷೆಯಲ್ಲೇ ಮಾಡಿ ಅಂದರು. ಕನ್ನಡದಲ್ಲಿ ಪ್ರಾರ್ಥನೆ ಮಾಡಿದೆ. ಅವರಿಗೆ ಒಂದಕ್ಷರವೂ ಅರ್ಥವಾಗಿರಲಾರದು, ಯೇಸು ಅನ್ನುವ ಹೆಸರೊಂದು ಬಿಟ್ಟು. ಕೈ ಮಾತ್ರ ಬಿಡಲಿಲ್ಲ. ಬೆಳಗಾಗುವ ಮುಂಚೆ ಅವರೇ ಕೇಳಿದರು, ಸತ್ತವರು ಎದ್ದು ಬರುತ್ತಾರೆ ಅಂತ ನೀವು ನಿಜವಾಗಿ ನಂಬುತ್ತೀರಾ ಅಂತ. ನಂಬುತ್ತೇನೆ, ಯಾಕೆ ಅಂತ ಹೇಳಿದೆ. ಅಷ್ಟೇ. ಅವರು ಸಮಯಕ್ಕೆ ತಲುಪಿದರಾ ಅನ್ನೋದು ನನಗೆ ಕೊನೆಗೂ ತಿಳಿಯಲಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯವನ್ನು ಹೊರಡುವ ಮುಂಚೆ ಒಮ್ಮೆ ಓದಿ. ಪ್ರವಾಸದ ಕಣ್ಣಿನಿಂದ ಓದಿ. ಅಪೊಸ್ತಲ ಪೌಲ ಆಸ್ಯ ಸೀಮೆಯಲ್ಲಿ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ದೇವರ ವಾಕ್ಯ ಹೇಳಬೇಕು ಅಂದುಕೊಂಡ, ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗೋಣ ಅಂದ, ಅದಕ್ಕೂ ತಡೆ. ಕೊನೆಗೆ ತ್ರೋವದಲ್ಲಿ ರಾತ್ರಿ ಒಂದು ದರ್ಶನ: ಮಕೆದೋನ್ಯದ ಒಬ್ಬ ಗಂಡಸು ನಿಂತು 'ಬಂದು ಸಹಾಯ ಮಾಡು' ಅಂತ ಕರೆಯುತ್ತಾನೆ. ಸಮುದ್ರ ದಾಟಿ ಫಿಲಿಪ್ಪಿಗೆ ಹೋದರೆ ಅಲ್ಲಿ ಸಿಕ್ಕವರು ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರು. ಅವರಲ್ಲಿ ಮನಸ್ಸು ತೆರೆದು ಕೇಳಿದವಳು ಲುದ್ಯ, ಧೂಮ್ರವರ್ಣದ ಬಟ್ಟೆ ಮಾರುವವಳು. ಅವಳ ಸ್ವಂತ ಊರು ಥುವತೈರ. ಅದು ಇದ್ದದ್ದು ಎಲ್ಲಿ ಗೊತ್ತಾ? ಪೌಲನಿಗೆ ತಡೆಯಾದ ಅದೇ ಆಸ್ಯ ಸೀಮೆಯಲ್ಲಿ. ಇದು ಗಮನಕ್ಕೆ ಬಂದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಇದರಲ್ಲಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಮಾತೊಂದಿದೆ. ಲುದ್ಯ ಆ ಊರಿನವಳಲ್ಲ, ವ್ಯಾಪಾರಕ್ಕೆ ಬಂದು ನೆಲೆಸಿದವಳು. ಹೊರದೇಶದಲ್ಲಿ ನಿಮ್ಮ ಜೊತೆ ಬಾಯಿಬಿಟ್ಟು ಮಾತಾಡುವವರೂ ಹೆಚ್ಚಾಗಿ ಇಂಥವರೇ. ಬೇರೆ ಕಡೆಯಿಂದ ದುಡಿಯೋಕೆ ಬಂದವರು, ಓದೋಕೆ ಬಂದವರು, ಹಾಸ್ಟೆಲಿನ ಪಕ್ಕದ ಮಂಚದವರು. ಮನೆಯವರಿಂದ ದೂರ ಇರುವವರಿಗೆ ಕೇಳಿಸಿಕೊಳ್ಳುವ ಕಿವಿ ಸಿಕ್ಕರೆ ಸಾಕಾಗಿರುತ್ತದೆ. ಆರಾಧನೆಯ ದಿನ ಅಲ್ಲಿನ ಯಾವುದಾದರೂ ಕ್ರೈಸ್ತ ಸಭೆಗೆ ಹೋಗಿ. ಕೊಲ್ಲಿ ದೇಶಗಳಲ್ಲಿ ಎಷ್ಟೋ ಸಭೆಗಳು ಶುಕ್ರವಾರವೇ ಸೇರುತ್ತವೆ, ಕೇಳಿಕೊಂಡು ಹೋಗಿ. ಆರಾಧನೆ ಮುಗಿದ ಮೇಲೆ ಓಡಬೇಡಿ. ಒಂಟಿಯಾಗಿ ನಿಂತವರು ಅಲ್ಲೇ ಕಾಣಿಸುತ್ತಾರೆ.

ನಮ್ಮ ವಿಶ್ವಾಸ ಕಾಣಿಸಬೇಕಾದರೆ ನಾವು ಏನಾದರೂ ದೊಡ್ಡದು ಮಾಡಬೇಕು ಅಂತ ಭಯ ಇದ್ದರೆ, ಮುಂದೆ ಮೆಥೊಡಿಸ್ಟ್ ಸಭೆಗಳಿಗೆ ನಾಂದಿಯಾದ ಇಂಗ್ಲೆಂಡಿನ ಜಾನ್ ವೆಸ್ಲಿಯ ವಿಷಯ ಕೇಳಿ. 1736ರ ಜನವರಿ. ವೆಸ್ಲಿ ಆಗಲೇ ಅಭಿಷೇಕ ಪಡೆದ ಪಾದ್ರಿ, ಅಮೆರಿಕದ ಜಾರ್ಜಿಯಾಕ್ಕೆ ಹಡಗಿನಲ್ಲಿ ಸುವಾರ್ತೆ ಸೇವೆಗೆ ಹೊರಟವರು. ಅದೇ ಹಡಗಿನಲ್ಲಿ ಜರ್ಮನ್ ಮಾತಾಡುವ, ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳಿದ್ದವು. ಬೇರೆ ಪ್ರಯಾಣಿಕರು ಮಾಡಲೊಲ್ಲದ ಕೀಳು ಅನ್ನಿಸುವ ಕೆಲಸಗಳನ್ನು ಅವರು ಎಲ್ಲರಿಗೂ ಮಾಡಿಕೊಡುತ್ತಿದ್ದರು, ಕಾಸು ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಅವರು ಕೀರ್ತನೆ ಹಾಡುತ್ತಿದ್ದಾಗ ಅಲೆ ಹಡಗಿನ ಮೇಲೇ ಬಿದ್ದು ದೊಡ್ಡ ಹಾಯಿ ಹರಿಯಿತು. ಇಂಗ್ಲಿಷರು ಕಿರುಚಿಕೊಂಡರು. ಇವರು ಹಾಡುತ್ತಲೇ ಇದ್ದರು. ಆಮೇಲೆ ವೆಸ್ಲಿ ಅವರಲ್ಲೊಬ್ಬರನ್ನು ಕೇಳಿದರು, ನಿಮಗೆ ಭಯ ಆಗಲಿಲ್ವಾ ಅಂತ. ದೇವರ ದಯೆ, ಇಲ್ಲ ಅಂದರು. ಹೆಂಗಸರು ಮಕ್ಕಳಿಗಾದರೂ? ಅವರಿಗೂ ಸಾಯೋಕೆ ಭಯವಿಲ್ಲ ಅಂದರು. ವೆಸ್ಲಿ ಇದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಎರಡು ವರ್ಷದ ಮೇಲೆ, 1738ರ ಮೇ 24ರಂದು ಲಂಡನ್ನಿನಲ್ಲಿ ಕ್ರಿಸ್ತನಲ್ಲಿ ನಂಬಿಕೆ ಗಟ್ಟಿಯಾಗಿ ಹೃದಯ ಬೆಚ್ಚಗಾಯಿತು ಅಂತ ವೆಸ್ಲಿ ಬರೆದರು. ಅದಕ್ಕೆ ಮುಂಚೆ ಅವರಿಗೆ ದಾರಿ ತೋರಿದವರಲ್ಲೂ ಮೊರೇವಿಯನ್ನರಿದ್ದರು. ಆ ಹಡಗಿನ ಕುಟುಂಬಗಳು ಯಾರನ್ನೂ ಹುಡುಕಿಕೊಂಡು ಹೋಗಿರಲಿಲ್ಲ. ದಿನಾ ಹಾಡುವ ಹಾಡನ್ನು ಹಾಡಿದ್ದರು. ಪ್ರಶ್ನೆ ಆ ಕಡೆಯಿಂದ ಬಂತು.

ನಾನು ಕಾಯುವುದೂ ಆ ಪ್ರಶ್ನೆಗೇ. ಯೇಸುವಿನ ಶಿಷ್ಯ ಪೇತ್ರ ಬರೆದದ್ದೂ ಹಾಗೇ ಅಲ್ವಾ? ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳೋಕೆ ಸಿದ್ಧರಾಗಿರಿ, ಸಾತ್ವಿಕತ್ವದಿಂದ ಹೇಳಿ ಅಂತ. ಕೇಳುವವರಿಗೆ.

ಇನ್ನು ಕಾನೂನು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೇಪಾಳದಲ್ಲಿ 2018ರಿಂದ ಜಾರಿಯಲ್ಲಿರುವ ದಂಡಸಂಹಿತೆಯಂತೆ ಮತಾಂತರ ಮಾಡಿಸಿದರೆ ಐದು ವರ್ಷದವರೆಗೆ ಜೈಲು. ಅಪರಾಧಿ ವಿದೇಶಿಯಾಗಿದ್ದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಮೊರಾಕೊದಲ್ಲಿ ಮುಸ್ಲಿಮರ ನಂಬಿಕೆ ಕದಲಿಸುವ ಪ್ರಯತ್ನಕ್ಕೆ ಆರು ತಿಂಗಳಿಂದ ಮೂರು ವರ್ಷ. ಮಾಲ್ಡೀವ್ಸಿನಲ್ಲಿ ಇಸ್ಲಾಂ ಬಿಟ್ಟು ಬೇರೆ ಧರ್ಮದ ಪ್ರಚಾರಕ್ಕೆ ಜಾಗವೇ ಇಲ್ಲ. ಇಸ್ರೇಲಿನಲ್ಲಿ ಮತ ಬದಲಾಯಿಸಲಿ ಅಂತ ಹಣ ಅಥವಾ ವಸ್ತು ಕೊಡುವುದು 1977ರ ಕಾನೂನಿನಂತೆ ಅಪರಾಧ. ಪ್ರವಾಸಿ ವೀಸಾ ಅಂದರೆ ಬಹಳ ಕಡೆ ಪ್ರಚಾರಕ್ಕೆ ಅನುಮತಿ ಅಲ್ಲ, ಅದಕ್ಕೇ ಬೇರೆ ವೀಸಾ ಇರುತ್ತದೆ. ನಿಮಗೆ ತೊಂದರೆಯಾದರೆ ನೀವು ವಿಮಾನ ಹತ್ತಿ ಬಂದುಬಿಡುತ್ತೀರಿ. ನಿಮ್ಮ ಜೊತೆ ಮಾತಾಡಿದ ಅಲ್ಲಿನ ವ್ಯಕ್ತಿ ಅಲ್ಲೇ ಇರಬೇಕು. ಅವರ ಫೋಟೋ, ಹೆಸರು, ನಡೆದ ಮಾತು ಯಾವುದನ್ನೂ ಎಲ್ಲಿಯೂ ಹಾಕಬೇಡಿ, ವಾಪಸ್ ಬಂದ ಮೇಲೂ. ಕಷ್ಟದಲ್ಲಿದ್ದವರಿಗೆ ಸಹಾಯ ಮಾಡಿದರೆ ಸಹಾಯ ಅಷ್ಟೇ ಮಾಡಿ, ಬದಲಿಗೆ ನನ್ನ ಮಾತು ಕೇಳಿ ಅನ್ನುವ ಭಾವ ಒಳಗೂ ಇರಬಾರದು. ಅವರು ತಮ್ಮ ದೇವರ ಬಗ್ಗೆ ಹೇಳಿದರೆ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ.

ಭಾಷೆಯ ವಿಷಯ. ಈಗ ಫೋನಿನಲ್ಲೇ ಅನುವಾದ ಆಗುತ್ತದೆ, ಅದು ದೊಡ್ಡ ಸಹಾಯ. ಆದರೆ ನಮ್ಮ ಸಭೆಯ ಮಾತುಗಳು ಅದರಲ್ಲಿ ದಾಟುವುದಿಲ್ಲ. ಒಂದು ಉದ್ದದ ರೈಲು ಪ್ರಯಾಣದಲ್ಲಿ ಎದುರಿಗೆ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ನನ್ನ ಕೊರಳಿನ ಶಿಲುಬೆ ನೋಡಿ ಆ ಹಿರಿಯರು ಫೋನಿನಲ್ಲಿ ಬರೆದು ತೋರಿಸಿದರು: ಇದು ಆಭರಣವಾ, ನಂಬಿಕೆಯಾ? ನನಗೆ ಖುಷಿಯಾಗಿ, ನಂಬಿಕೆ, ಯೇಸು ನನ್ನ ಕರ್ತರು, ಅವರಿಂದ ನನಗೆ ರಕ್ಷಣೆ ಸಿಕ್ಕಿದೆ ಅಂತ ಕನ್ನಡದಲ್ಲಿ ಬರೆದು ತೋರಿಸಿದೆ. ಅವರು ಓದಿ ಹೆಂಡತಿಗೆ ಕೊಟ್ಟರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಬಂದ ಪ್ರಶ್ನೆ: ನಿಮಗೆ ಪೊಲೀಸ್ ಕಾವಲು ಇದೆಯಾ? ಯಾರಿಂದ ಅಪಾಯ?

ರಕ್ಷಣೆ ಅನ್ನೋದು ನಮ್ಮ ಕಿವಿಗೆ ಪಾಪದಿಂದ ಬಿಡುಗಡೆ, ಬೇರೆಯವರಿಗೆ ಅಪಾಯದಿಂದ ಕಾವಲು. ಅಳಿಸಿ ಮತ್ತೆ ಬರೆದೆ. ನಾನು ನನ್ನ ತಮ್ಮನ ಜೊತೆ ಆರು ವರ್ಷ ಮಾತು ಬಿಟ್ಟಿದ್ದೆ. ತಪ್ಪು ನನ್ನದು. ಯೇಸು ನನ್ನ ತಪ್ಪನ್ನೆಲ್ಲ ತನ್ನ ಮೇಲೆ ಹೊತ್ತು ನನ್ನನ್ನು ಕ್ಷಮಿಸಿದರು ಅಂತ ನಂಬಿದ ಮೇಲೆ ನಾನೇ ಹೋಗಿ ಅವನ ಬಾಗಿಲು ತಟ್ಟಿದೆ.

ಹಿರಿಯರು ಓದಿ ಕಿಟಕಿ ಕಡೆ ತಿರುಗಿದರು. ಹೆಂಡತಿ ಫೋನ್ ತೆಗೆದುಕೊಂಡು ನಿಧಾನವಾಗಿ ಬರೆದರು: ನಮ್ಮ ಮಗ ನಮ್ಮನ್ನು ಮಾತಾಡಿಸುವುದಿಲ್ಲ. ಆಮೇಲಿನ ಮೂರು ಗಂಟೆ ಆ ಒಂದು ಫೋನ್ ಮೂವರ ಕೈಯಲ್ಲೂ ಓಡಾಡಿತು. ಮಗ ಚಿಕ್ಕವನಿದ್ದಾಗಿನ ಫೋಟೋ ತೋರಿಸಿದರು. ನೀವು ತಟ್ಟಿದಾಗ ತಮ್ಮ ಏನಂದ ಅಂತ ಕೇಳಿದರು, ಹೇಳಿದೆ. ಇಳಿಯುವ ಮುಂಚೆ ಆ ತಾಯಿ ಮಗನ ಹೆಸರು ಬರೆದು, ನಿಮ್ಮ ದೇವರಿಗೆ ಈ ಹೆಸರು ಹೇಳಿ ಅಂದರು. ಅದನ್ನು ಹೇಗೆ ಉಚ್ಚರಿಸಬೇಕು ಅಂತ ಎರಡು ಸಲ ಹೇಳಿಸಿಕೊಂಡೆ. ಈಗಲೂ ದಿನಾ ರಾತ್ರಿ ಹೇಳುತ್ತೇನೆ.